ಹಿತ್ತಲಲ್ಲಿ ಕೂತಿದ್ದವರು

ಮೌಖಿಕ ಪರೀಕ್ಷೆಯಲ್ಲಿ ಧ್ವನಿಯೇ ಹೊರಡದಿದ್ದರೆ? ಎಲುಬಿನ ಹೆಸರು ತಲೆಯಲ್ಲಿರುತ್ತದೆ, ಬಾಯಿಗೆ ಬರುವುದಿಲ್ಲ. ಅಂಬಿಕಾ ಇದನ್ನು ದಿನಚರಿಯಲ್ಲಿ ಬರೆದು ಪೆನ್ನು ಮುಚ್ಚುವಷ್ಟರಲ್ಲಿ, ರಾಜ್ಯದ ಗಡಿಯಾಚೆ, ದುಡಿಯಲು ಬಂದ ಕನ್ನಡಿಗರು ನೆಲೆಸಿದ್ದ ಮೋತಿ ಡೊಂಗರ ಗುಡ್ಡದ ಅವಳ ಮನೆಯ ಹಿತ್ತಲಿನಿಂದ ಕೂಗು ಕೇಳಿತು. ಪಾಯಖಾನೆಗೆಂದು ಅಗೆದ ಗುಂಡಿಯಲ್ಲಿ ಮನುಷ್ಯನ ಎಲುಬು ಕಂಡಿತ್ತು.

ಮಧ್ಯಾಹ್ನಕ್ಕೆಲ್ಲ ಅಪ್ಪ ಹೊಳೆಪ್ಪ ಠಾಣೆಯಲ್ಲಿದ್ದ. ಅವನೊಡನೆ ಗಾರೆ ಕೆಲಸ ಮಾಡುತ್ತಿದ್ದ ಹರೆಯದ ಪರಶು, ಕೆಲವು ವರ್ಷಗಳ ಹಿಂದೆ ಹೊಳೆಪ್ಪನ ಜೊತೆ ಜಗಳವಾಡಿದ ಮರುದಿನವೇ ಕಾಣೆಯಾಗಿದ್ದ. ಪೊಲೀಸರಿಗೆ ಅಷ್ಟೇ ಸಾಕಾಯಿತು.

ಅಂಬಿಕಾ ದಸ್ತಗೀರಬಿ ಮೇಡಂ ಬಳಿಗೆ ಓಡಿದಳು. ಕಾಲೇಜಿನಲ್ಲಿ ಅವಳಿಗೆ ಎಲುಬು ಓದುವುದನ್ನು ಕಲಿಸಿದವರು ಅವರು. ಎಲುಬು ಸಿಕ್ಕಾಗಲೆಲ್ಲ ಪೊಲೀಸರಿಗೂ ನೆನಪಾಗುವವರು.

"ಅಳೂದು ಆಮ್ಯಾಲ. ಬ್ರಶ್ ತಗೊಂಡು ಇಳಿ," ಎಂದರು ಮೇಡಂ, ಗುಂಡಿಯ ಅಂಚಿನಲ್ಲಿ ನಿಂತು.

ಬೇಲಿಯಿಲ್ಲದ ಹಿತ್ತಲಿನಾಚೆ, ಪಕ್ಕದ ಮನೆಯ ಸೋಮು ಗೊಣಗಿದ. "ಇಲ್ಲಿ ಅಗಿಬ್ಯಾಡ್ರಿ, ಕಲ್ಲು ಐತಿ ಅಂತ ಬಡಕೊಂಡೆ. ಯಾರ್ ಕೇಳ್ತಾರ?"

ಮೇಡಂ ಒಂದು ಹಿಡಿ ಮಣ್ಣು ಎತ್ತಿದರು. ಸುತ್ತೆಲ್ಲ ಗಟ್ಟಿ ಕೆಂಪುಕಲ್ಲು, ಇಲ್ಲಿ ಮಾತ್ರ ಹಿಟ್ಟಿನಂಥ ಮಣ್ಣು. ಅದರೊಳಗೆ ವಿಭೂತಿಯ ಉಂಡೆ.

ಅಂಬಿಕಾಳ ಬ್ರಶ್ ಎಡಗೈಯ ಮಣಿಕಟ್ಟಿಗೆ ಬಂದು ನಿಂತಿತು. ಎಂದೋ ಮುರಿದು ಡೊಂಕಾಗಿ ಕೂಡಿದ ಎಲುಬು. ಅವಳು ಬಾಗಿ ನೋಡಿದಳು. ಲಾಕ್‌ಡೌನಿನಲ್ಲಿ ತೀರಿಕೊಂಡ ಸೋಮುವಿನ ತಾಯಿ ಶಿವವ್ವ ಇಂಥದೇ ಡೊಂಕು ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆದರೆ ಅವಳ ಮಣ್ಣು ಊರಲ್ಲಾಯಿತೆಂದು ಸೋಮು ಹೇಳಿದ್ದನಲ್ಲ! ತನ್ನ ಗುರುತು ತಪ್ಪಿದರೆ, ಅಪ್ಪನನ್ನು ಉಳಿಸಲು ಮಗಳು ಕತೆ ಕಟ್ಟಿದಳೆನ್ನುತ್ತಾರೆ. ಅವಳು ಬ್ರಶ್ಶನ್ನು ಮುಂದಿನ ಎಲುಬಿಗೆ ಸರಿಸಿದಳು.

ಸಂಜೆ ಮೇಡಂ ನೆರೆಹೊರೆಯವರನ್ನು ವಿಚಾರಿಸಿ, ಎಲ್ಲರನ್ನೂ ಹಿತ್ತಲಲ್ಲಿ ಸೇರಿಸಿದರು. ಇನ್‌ಸ್ಪೆಕ್ಟರ್ ಜೊತೆ ಹೊಳೆಪ್ಪನೂ ಬಂದಿದ್ದ, ತಲೆ ಎತ್ತದೆ.

"ಸೊಂಟದ ಎಲುಬು ಅಗಲ ಐತಿ, ಇದು ಹೆಣ್ಣು. ಹಲ್ಲು ಉದುರಿ ಒಸಡಿನ ಎಲುಬು ಮುಚ್ಚಿಕೊಂಡೈತಿ; ವಯಸ್ಸಾದಾಕಿ. ಅಂದಮ್ಯಾಲ ಪರಶು ಅಲ್ಲ," ಎಂದರು ಮೇಡಂ.

"ಹೆಂಗಸಾದ್ರೇನು? ಸಿಕ್ಕಿದ್ದು ಇವನ ಹಿತ್ತಲಲ್ಲೇ ಅಲ್ವಾ?" ಎಂದ ಇನ್‌ಸ್ಪೆಕ್ಟರ್.

"ಕಾಲು ನೋಡ್ರಿ, ಚಕ್ಕಳಮಕ್ಕಳ ಹಾಕ್ಯಾವ. ಕೊಂದವರು ಒಗೀತಾರ, ಸಾಹೇಬ್ರ. ಈಕಿನ್ನ ಕೂಡಿಸ್ಯಾರ, ವಿಭೂತಿ ಇಟ್ಟಾರ. ಲಿಂಗಾಯತರು ಸತ್ತವರನ್ನ ಹಿಂಗ ಮಣ್ಣು ಮಾಡ್ತಾರ. ನಮ್ಮ ವಿಜಾಪುರ ಕಡೆ ಕೂಸಿಗೂ ಗೊತ್ತು. ಇದು ಕೊಲಿ ಅಲ್ಲ, ಸಮಾಧಿ. ಮಾಡಿದವರಿಗೆ ಜಾಗಾ ಗೊತ್ತಿತ್ತು. ಅದಕ್ಕ ಇಲ್ಲದ ಕಲ್ಲಿನ ನೆವ ಹೇಳಿದ್ರು. ಲಾಕ್‌ಡೌನಿನಾಗ ಗಡಿ ಬಂದ್ ಇತ್ತು, ಹೆಣ ದಾಟಿಸಾಕ ಆಗತಿರಲಿಲ್ಲ; ಆದ್ರೂ ಊರಿಗೆ ಒಯ್ದೆ ಅಂದವರೂ ಅವರ."

ಎಲ್ಲರ ಕಣ್ಣು ಸೋಮುವಿನ ಮೇಲೆ ಹೊರಳಿತು.

"ನಮ್ಮವ್ವ ಊರಾಗ ಮಲಗ್ಯಾಳ್ರಿ!" ಅವನ ಧ್ವನಿ ಬಿರಿಯಿತು. "ಯಾರದೋ ಎಲುಬಿಗೆ ನಮ್ಮವ್ವನ ಹೆಸರು ಹಚ್ಚಬ್ಯಾಡ್ರಿ."

"ಗುರುತು ಹಿಡಿಯುವವರು ಯಾರಿದ್ದಾರೆ?" ಇನ್‌ಸ್ಪೆಕ್ಟರ್ ಹೊಳೆಪ್ಪನ ತೋಳು ಹಿಡಿದು ಹೊರಡಲು ತಿರುಗಿದ.

ಮೇಡಂ ಅಂಬಿಕಾಳ ಕಡೆ ನೋಡಿದರು. "ಗುಂಡ್ಯಾಗ ನಿನ್ನ ಕೈ ಎಲ್ಲಿ ನಿಂತಿತ್ತು ಅನ್ನೂದು ನಾ ಕಂಡೇನಿ. ಎಲುಬಿನ ಹೆಸರು ಕೇಳೂದಿಲ್ಲ ಇವತ್ತು. ಯಾರ ಕೈ ಅದು, ಹೇಳು."

ಸೋಮುವಿನ ಕಣ್ಣು ಬೇಡವೆಂದು ಬೇಡುತ್ತಿತ್ತು. ಅಪ್ಪ ತಲೆ ಎತ್ತಿರಲಿಲ್ಲ. ಅಂಬಿಕಾ ಗುಂಡಿಯ ಪಕ್ಕ ಕೂತು ಆ ಡೊಂಕು ಮಣಿಕಟ್ಟನ್ನು ಮುಟ್ಟಿದಳು.

"ಇದು ಶಿವವ್ವಜ್ಜಿ ಕೈರಿ," ಎಂದಳು, ಹಿತ್ತಲಿಗೆಲ್ಲ ಕೇಳುವಂತೆ. "ಈ ಕೈಲೆ ನಾ ಉಂಡು ಬೆಳದೇನಿ."