ಬಂಡೆಗುಂಡಿಯ ಹತ್ತುಮೀನು

ಯಲ್ಲಪ್ಪ ಬಂದು ತುಂಗಕ್ಕನ ಜಗಲಿಯ ಕೆಳಗೆ ನಿಂತಾಗ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಹಿಂದಿನ ಸಂಜೆಯಷ್ಟೇ ಕೆರೆ ಸಮಿತಿಯ ಸಭೆಯಲ್ಲಿ ಅವನನ್ನು ಕಾವಲಿನಿಂದ ತೆಗೆಯಲು ಕೈ ಎತ್ತಿದವರಲ್ಲಿ ನಾನೂ ಒಬ್ಬ.

"ಅಮ್ಮೋರೆ, ಮೀನು ಹಿಡಿಯೋ ಆ ಕೂಣಿ ನಂದೇ ಹೌದು, ಜಗಲಿ ಮ್ಯಾಲೆ ಇಟ್ಟಿದ್ದೆ. ಮೀನು ಮಾತ್ರ ನಾ ಮುಟ್ಟಿಲ್ಲ," ಎಂದ. "ಕಳ್ಳ ಅನ್ನಿಸ್ಕಂಡು ಈ ಊರಾಗೆ ಹೆಂಗಿರ್ಲಿ?"

ತುಂಗಕ್ಕ ಅಂಚೆ ಇಲಾಖೆಯಲ್ಲಿದ್ದವರು. ಕಾರವಾರದಲ್ಲಿ ಆರು ವರ್ಷ ಕೆಲಸ ಮಾಡಿ, ನಿವೃತ್ತರಾದ ಮೇಲೆ ಸೊರಬ ತಾಲ್ಲೂಕಿನ ಜಡೆ ಹತ್ತಿರದ ನಮ್ಮೂರಿಗೆ ಬಂದು ನೆಲೆಸಿದರು. ಊರಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವರ ಮನೆಗೇ ಸುದ್ದಿ ಹೋಗುತ್ತದೆ. ನಾನು ಮಹಾಂತೇಶ, ಸೊರಬ-ಶಿಕಾರಿಪುರ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದ ಕಂಡಕ್ಟರು. ಈಗ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತಿರುಗುವುದು, ಬೈಸಿಕೊಳ್ಳುವುದು, ಇವೆರಡೇ ನನ್ನ ಕೆಲಸ.

ವಿಷಯ ಇಷ್ಟು. ಜೂನ್‌ನ ಮೊದಲ ಮಳೆಗೆ ಹಳ್ಳ ತುಂಬಿದಾಗ ನಮ್ಮ ಕೆರೆಯ ಮೀನುಗಳು ತತ್ತಿ ಇಡಲು ನೀರಿಗೆ ಎದುರಾಗಿ ಗದ್ದೆಯ ಕಡೆ ಹತ್ತುತ್ತವೆ. ಹತ್ತುಮೀನು ಅನ್ನುವುದು ಅದಕ್ಕೇ. ನಡುವೆ ಹಳ್ಳದ ಬಂಡೆಗುಂಡಿಯಲ್ಲಿ ಒಂದೆರಡು ದಿನ ಸುಧಾರಿಸಿಕೊಳ್ಳುತ್ತವೆ. ನಮ್ಮ ಜನ ಅಲ್ಲೇ ಬಾಚಿ ಬಾಚಿ ಕೆರೆಯನ್ನು ಹಾಳುಗೆಡವಿದ್ದರು. ಹೋದ ಬೇಸಿಗೆಯ ಕೆರೆಬೇಟೆಗೆ ಊರಿಗೆ ಊರೇ ಇಳಿದರೂ ಒಂದು ಮನೆಯ ಸಾರಿಗೆ ಸಾಲುವಷ್ಟೂ ಸಿಗಲಿಲ್ಲ. ಹೇಳಿ ಹೇಳಿ ಸಾಕಾಗಿ, ಜನವರಿಯಲ್ಲಿ ತುಂಗಕ್ಕ ಸಮಿತಿಯವರನ್ನೆಲ್ಲ ಕಾರವಾರಕ್ಕೆ ಕರೆದುಕೊಂಡು ಹೋದರು. ಬಂದರು ನೋಡಿದೆವು, ಯುದ್ಧನೌಕೆ ಹತ್ತಿ ಇಳಿದೆವು, ಮರಳಿನ ಮೇಲೆ ಹರಡಿದ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೆವು. ದೋಣಿಯಲ್ಲಿ ನಡುಗಡ್ಡೆಗೆ ಹೋಗಿ ಹವಳ ಬೆಳೆದ ಬಂಡೆಗಳ ನಡುವಿನ ಬಣ್ಣದ ಮೀನು ನೋಡಿದೆವು. ಬಲೆ ಹಾಕಿ ಹಾಕಿ ಅವು ಅಳಿಯುತ್ತ ಬಂದಿದ್ದವಂತೆ. ಮರಿ ಮಾಡುವ ಆ ಬಂಡೆಗಳ ತಂಟೆಗೆ ಹೋಗದೆ ಬಿಟ್ಟ ಮೇಲೆ ಚೇತರಿಸಿಕೊಂಡವು ಎಂದು ದೋಣಿಯವನು ಹೇಳಿದ. ಊರಿಗೆ ಬಂದವರೇ ಬಂಡೆಗುಂಡಿಗೆ ಒಂದು ತಿಂಗಳ ನಿಷೇಧ ಹಾಕಿ ಯಲ್ಲಪ್ಪನನ್ನು ಕಾವಲಿಗಿಟ್ಟೆವು.

ಮೊನ್ನೆ ಬುಧವಾರ ಇಡೀ ದಿನ ಮಳೆ ಸುರಿಯಿತು. ಯಲ್ಲಪ್ಪ ಹೆಂಡತಿ ಬಸಕ್ಕನನ್ನು ಸೊರಬದ ಆಸ್ಪತ್ರೆಗೆ ಕರೆದೊಯ್ದು ಮಧ್ಯಾಹ್ನ ಮೂರರ ಬಸ್ಸಿಗೆ ಮರಳಿದ್ದ. ಸಂಜೆ ನೋಡಿದರೆ ಗುಂಡಿಯಲ್ಲಿ ಒಂದು ಮೀನೂ ಇಲ್ಲ, ದಂಡೆಯ ಮೇಲೆ ಅವನ ಕೂಣಿ ಬಿದ್ದಿತ್ತು. ಬಸ್ಸಿಳಿದು ಬಂದ ಮೇಲೆ ಅವನೇ ಹಿಡಿದ ಎಂದು ಊರೆಲ್ಲ ಅಂದಿತು. ಗುರುವಾರ ಸಂಜೆಯ ಸಭೆಗೆ ಸಮಿತಿಯ ಅಧ್ಯಕ್ಷ ರೇಣುಕಾಪ್ರಸಾದ್ ಕಾರವಾರದಿಂದ ನೇರವಾಗಿ ಬಂದ. ಮೀನು ಸಂರಕ್ಷಣೆಯನ್ನು ಇನ್ನಷ್ಟು ತಿಳಿದುಕೊಳ್ಳಲು ಮಂಗಳವಾರವೇ ಹೋಗಿದ್ದನಂತೆ. ಬುಧವಾರ ಬೆಳಿಗ್ಗೆ ಬಂದರಿನ ದಕ್ಕೆಯಲ್ಲಿ ದೋಣಿಗಳು ಬುಟ್ಟಿಗಟ್ಟಲೆ ಮೀನು ಇಳಿಸುವುದನ್ನು ಕಂಡು ಸಂಕಟವಾಯಿತು, ನಡುಗಡ್ಡೆಗೂ ಹೋಗಿಬಂದೆ ಎಂದು ಅರ್ಧ ಗಂಟೆ ಭಾಷಣ ಮಾಡಿದ. ಬಿಸಿಲಲ್ಲಿ ಒಣಮೀನು ಹರಡಿದ ಮರಳಿನ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಬುಧವಾರವೇ ಹಾಕಿದ್ದ. "ಯಲ್ಲಪ್ಪಗೆ ರಜಾ ಕೊಟ್ಟೋನು ನಾನೇ. ತಪ್ಪು ನಂದೂ ಐತೆ," ಎಂದು ಕೊನೆಗೆ ಗದ್ಗದಿತನಾದ. ನಮಗೆಲ್ಲ ಎಂಥ ದೊಡ್ಡ ಮನುಷ್ಯ ಅನ್ನಿಸಿ ಕೈ ಎತ್ತಿಬಿಟ್ಟೆವು. ಕಾವಲಿನವನೇ ತಿನ್ನುವುದಾದರೆ ನಮಗ್ಯಾಕೆ ನಿಷೇಧ ಎಂದು ಕೆಲವರು ಎದ್ದರು. ಭಾನುವಾರ ನಿಷೇಧ ತೆಗೆಯುವ ಸಭೆ ಎಂದಾಯಿತು.

ತುಂಗಕ್ಕ ನನ್ನನ್ನು ಬಂಡೆಗುಂಡಿಗೆ ಎಳೆದುಕೊಂಡು ಹೋದರು. ಕೆಸರಲ್ಲಿ ಜಾರಿ ನನ್ನ ಮೊಣಕಾಲು ತರಚಿತು. ಅವರು ಅದನ್ನು ನೋಡಲೂ ಇಲ್ಲ, ಕೂಣಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಬಿದಿರಿನ ಬುಟ್ಟಿ, ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ತೂತು. ಮೊಣಕಾಲುದ್ದದ ನಿಂತ ನೀರಿನಲ್ಲಿ ಕೆಸರಿಗೆ ಒತ್ತಿ, ಒಳಗೆ ಸಿಕ್ಕ ಮೀನನ್ನು ಮೇಲಿಂದ ಹಿಡಿಯುತ್ತಾರೆ. ಗುಂಡಿಯಲ್ಲಿ ನನ್ನ ಎದೆಯವರೆಗೆ ನೀರಿತ್ತು, ತಳವೆಲ್ಲ ಬಂಡೆ. ದಂಡೆಯ ಮೇಲೆ ಮೀನಿನ ಒಂದು ಪೊರೆಯೂ ಬಿದ್ದಿರಲಿಲ್ಲ. ನೀರಿನ ಹಂಡೆಯಷ್ಟು ಅಗಲದ ದುಂಡನೆಯ ಗುರುತುಗಳು ನಾಲ್ಕು ಇದ್ದವು.

ಶನಿವಾರ ಶಿಕಾರಿಪುರಕ್ಕೆ ಗಾಡಿ ತಿರುಗಿಸು ಎಂದರು. ಅರ್ಧ ದಾರಿಯಲ್ಲಿ ನಿಲ್ಲಿಸು ಎಂದರು. ಅಲ್ಲಿ ರೇಣುಕಾಪ್ರಸಾದನ ಹೊಸ ಹೋಂಸ್ಟೇ ಇದೆ. ಮುಂದಿನ ವಾರದ ಉದ್ಘಾಟನೆಗೆ ನಮಗೂ ಕಾರ್ಡು ಕೊಟ್ಟಿದ್ದ. ಅತಿಥಿಗಳು ಗಾಳ ಹಾಕಲೆಂದು ಹೋದ ತಿಂಗಳು ಹೊಂಡ ತೋಡಿಸಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದ. ಮಳೆನೀರು ಇಳಿದುಬರುವ ಮೂಲೆಯಲ್ಲಿ ಮೀನುಗಳು ಆ ಹಾಳೆಯ ಮೇಲೆ ಹತ್ತುತ್ತಿದ್ದವು, ಜಾರಿ ಬೀಳುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ತುಂಗಕ್ಕ ಕಾಲು ಗಂಟೆ ಅದನ್ನೇ ನೋಡುತ್ತ ನಿಂತರು. ಇಡೀ ದಿನ ಹಾಳು ಮಾಡಿದಿರಿ ಎಂದು ರೇಗಿದೆ. ಹೌದು ಎಂದರು.

ಭಾನುವಾರ ಶಾಲೆಯ ಜಗಲಿ ತುಂಬಿತ್ತು. ಯಲ್ಲಪ್ಪ ಕಂಬಕ್ಕೊರಗಿ ನಿಂತಿದ್ದ. ಬಸಕ್ಕ, ಹಿಂದಿನ ಸಭೆಗೂ ಬಂದಿದ್ದವಳು, ಅಂಗಳದ ಮರದ ಕೆಳಗಿದ್ದಳು. ತುಂಗಕ್ಕ ಎದ್ದು ಕೂಣಿಯನ್ನು ಮೇಜಿನ ಮೇಲಿಟ್ಟರು.

"ಎದೆಮಟ್ಟ ನೀರಲ್ಲಿ, ಬಂಡೆ ಮೇಲೆ ಕೂಣಿ ಒತ್ತಿ ಯಾರು ಮೀನು ಹಿಡೀತೀರಿ, ಹೇಳಿ ನೋಡೋಣ," ಎಂದರು. ಹುಟ್ಟಿದಾಗಿನಿಂದ ಕೆರೆಬೇಟೆ ಆಡಿದ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲವಲ್ಲ ಎಂದು ನನಗೆ ಮೈ ಉರಿಯಿತು. ಕೂಣಿಯನ್ನು ಅಲ್ಲಿ ಬಿಸಾಡಿದವನು ಕೆರೆಬೇಟೆಯ ದಿನ ಎಂದೂ ನೀರಿಗಿಳಿಯದೆ ಕೆರೆ ಏರಿಯ ಮೇಲೆ ಮೈಕು ಹಿಡಿದು ನಿಲ್ಲುವವನೇ ಇರಬೇಕು ಎಂದು ತುಂಗಕ್ಕ ಮುಂದುವರಿಸಿದರು. ಗುಂಡಿ ಬಳಿ ಪೊರೆ ಬಿದ್ದಿಲ್ಲ, ಡ್ರಮ್ಮಿನ ಗುರುತಿದೆ. ಅಂದರೆ ಮೀನನ್ನು ಕೊಂದಿಲ್ಲ, ಜೀವಂತ ಸಾಗಿಸಿದ್ದಾರೆ. ಕಾವಲುಗಾರ ಊರಲ್ಲಿರುವುದಿಲ್ಲ ಎಂದು ಮೊದಲೇ ಗೊತ್ತಿದ್ದದ್ದು ರಜೆ ಕೊಟ್ಟವನೊಬ್ಬನಿಗೇ.

"ನಾ ಕಾರವಾರದಾಗಿದ್ದೆ," ಎಂದ ರೇಣುಕಾಪ್ರಸಾದ್.

"ಜೂನ್, ಜುಲೈ ಎರಡು ತಿಂಗಳು ಅಲ್ಲಿ ಯಂತ್ರದ ದೋಣಿಗಳಿಗೆ ಮೀನು ಹಿಡಿಯೋದು ನಿಷೇಧ ಕಣಪ್ಪ. ಕಡಲ ಮೀನೂ ಮರಿ ಮಾಡೋದು ಈಗಲೇ. ನಡುಗಡ್ಡೆ ದೋಣಿ ಮಳೆಗಾಲದಲ್ಲಿ ಹೊರಡಲ್ಲ. ಸುರಿಯೋ ಮಳೇಲಿ ಒಣಮೀನು ಯಾರು ಹರಡ್ತಾರೆ? ನೀನು ಹೇಳಿದ್ದೆಲ್ಲ ನಾವು ಜನವರಿಯಲ್ಲಿ ನೋಡಿದ್ದು."

ಬಯಲುಸೀಮೆಗೆ ಹತ್ತಿರದ ನಮಗೆ ಬಂದರು ಅಂದರೆ ಯಾವಾಗಲೂ ದೋಣಿ, ಯಾವಾಗಲೂ ಮೀನು. ಅವನೂ ಹಾಗೇ ಅಂದುಕೊಂಡಿದ್ದ. ಹೊಂಡದಲ್ಲಿರುವುದು ಹ್ಯಾಚರಿಯ ಮೀನು ಎಂದು ಗೊಣಗಿದ. ತಿಂಗಳ ಹಿಂದೆ ತೋಡಿದ ಹೊಂಡದಲ್ಲಿ ಮೊಳದುದ್ದ ತತ್ತಿಮೀನು ಎಲ್ಲಿಂದ ಬಂತು, ಅವು ಯಾಕೆ ಹಾಳೆ ಹತ್ತುತ್ತವೆ ಎಂದು ತುಂಗಕ್ಕ ಕೇಳಿದರು. ಮರಿ ಬಿಟ್ಟರೆ ಬೆಳೆಯಲು ವರ್ಷ ಬೇಕು, ಉದ್ಘಾಟನೆ ಮುಂದಿನ ವಾರ ಇತ್ತು.

ಅವನು ತಲೆ ತಗ್ಗಿಸಿದ. "ಸಾಯಿಸಿಲ್ಲವಲ್ಲ. ಜೀವಂತ ಅದಾವಲ್ಲ."

"ತತ್ತಿ ಎಲ್ಲಿಡಬೇಕು ಅವು? ಪ್ಲಾಸ್ಟಿಕ್ ಮೇಲಾ?" ಎಂದರು ತುಂಗಕ್ಕ.

ನಿಷೇಧ ಉಳಿಯಿತು, ಅಧ್ಯಕ್ಷ ಬದಲಾದ. ಅದೇ ಡ್ರಮ್ಮುಗಳಲ್ಲಿ ಮೀನು ವಾಪಸು ತಂದೆವು. ಅರ್ಧದಷ್ಟು ದಾರಿಯಲ್ಲೇ ಸತ್ತವು, ತತ್ತಿ ಹೊಂಡದಲ್ಲೇ ಉದುರಿ ಉಳಿದವುಗಳ ಹೊಟ್ಟೆ ಬರಿದಾಗಿತ್ತು. ಇಷ್ಟೆಲ್ಲ ಪತ್ತೆ ಮಾಡಿ ಬಂದ ಭಾಗ್ಯ ಇದು. ಈ ವರ್ಷ ಗದ್ದೆಯಲ್ಲಿ ಮರಿ ಕಾಣಲಿಲ್ಲ.

ಕೂಣಿಯನ್ನು ಮರಳಿಸಲು ಯಲ್ಲಪ್ಪನ ಮನೆಗೆ ನಾನೇ ಹೋದೆ. ಕಾವಲಿಗೆ ಬಾ ಎಂದು ಸಮಿತಿ ಕರೆದಿದೆ ಎಂದೆ. ಬರುತ್ತೇನೆ ಎಂದ. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವನು ಕೂಣಿಯನ್ನು ಗೋಡೆಗೆ ನೇತುಹಾಕುತ್ತ ಬಸಕ್ಕ ಇದ್ದ ಒಳಗಿನ ಬಾಗಿಲ ಕಡೆ ನೋಡಿದ.

"ಅವತ್ತು ಯಾರ್ಯಾರು ಕೈ ಎತ್ತಿದ್ರು ಅಂತ ನಾ ನೋಡಿಲ್ಲ ಬಿಡ್ರಿ ಮಾಂತೇಶಣ್ಣ. ಅವ್ಳು ನೋಡ್ಯಾಳೆ."

ಸ್ವಲ್ಪ ಹೊತ್ತು ಕೂತಿದ್ದೆ. ಒಳಗಿನಿಂದ ನೀರಿನ ಚೊಂಬು ಬರಲಿಲ್ಲ.