ಬೀರುವಿನೊಳಗಿನ ಗೀರು

ನೂರು ವರ್ಷ ದಾಟಿದರೆ ಆ್ಯಂಟಿಕ್, ಇಲ್ಲದಿದ್ದರೆ ಬರೀ ವಿಂಟೇಜ್. ಹಳೆಯ ಮರದ ಸಾಮಾನು ಮಾರುವ ನಮ್ಮ ಮಾವ ಗೀರು ನೋಡಿಯೇ ಅದನ್ನು ಹೇಳಿಬಿಡುತ್ತಾರೆ. ಹೊಸ ಗೀರು ಬೆಳ್ಳಗಿರುತ್ತದೆ, ಹಳೆಯದು ಕಪ್ಪಾಗಿರುತ್ತದೆ. ಅವರ ಲೆಕ್ಕ ತಪ್ಪಿದ್ದನ್ನು ನಾನಂತೂ ಕಂಡಿಲ್ಲ.

ಅವತ್ತು ಮಟಮಟ ಮಧ್ಯಾಹ್ನ. ಅಂಗಡಿಗೆ ಹೊಸದಾಗಿ ಬಂದ ಮರದ ಬೀರುವಿನ ಹಿಂಬದಿ ಹಲಗೆ ನೋಡಲು ಟಾರ್ಚ್ ಹಿಡಿದು ಒಳಗೆ ಹೊಕ್ಕೆ. ಬಾಗಿಲು ಮುಚ್ಚಿಕೊಂಡಿತು, ಟಾರ್ಚ್ ಆರಿತು. ಯಾರೋ ಈಗಷ್ಟೇ ಒರಗಿ ಎದ್ದುಹೋದಂತೆ ಹಲಗೆ ಬೆಚ್ಚಗಿತ್ತು.

"ಮಾವಾ, ಬಾಗಿಲು ತೆಗೀರಿ!"

"ತಡಿಯಮ್ಮಾ, ಬಂದೆ," ಎಂದಿತು ಹೊರಗಿನಿಂದ ಮಾವನ ದನಿ.

ಮತ್ತೆ ಮತ್ತೆ ಕೂಗಿದೆ. ಮತ್ತೆ ಮತ್ತೆ ಅದೇ ಉತ್ತರ, ಪ್ರತಿ ಸಲವೂ ಇನ್ನಷ್ಟು ದೂರದಿಂದ. ಉಗುರು ಮುರಿಯುವವರೆಗೂ ಬಾಗಿಲನ್ನು ಕೆರೆದೆ.

ಕೊನೆಗೆ ಬಾಗಿಲು ತೆರೆದ ಮಾವ, "ಯಾಕಮ್ಮಾ ಹೀಗೆ ಬೆವತಿದೀಯ? ನೀನು ಕೂಗಿದ್ದು ಒಂದೇ ಸಲ, ಓಡಿ ಬಂದೆನಲ್ಲ," ಎಂದರು. ಆಮೇಲೆ ಬಾಗಿಲಿನ ಒಳಮೈಗೆ ಭೂತಗನ್ನಡಿ ಹಿಡಿದರು. ನಾನು ಕೆರೆದ ನಾಲ್ಕೂ ಗೀರುಗಳು ಕಪ್ಪಾಗಿದ್ದವು.

"ಇವು ನೂರು ವರ್ಷ ದಾಟಿದ ಗೀರು ಕಣಮ್ಮಾ."

ಕೊನೆಯ ಗೀರಿನಲ್ಲಿ, ಹಳೆಯ ವಾರ್ನಿಷ್‌ನ ಅಡಿಯಲ್ಲಿ, ನನ್ನ ಉಗುರಿನ ಚೂರಿತ್ತು. ಬೆಳಿಗ್ಗೆ ಹಚ್ಚಿಕೊಂಡ ಕೆಂಪು ಬಣ್ಣ ಅದರ ಮೇಲೆ ಹಾಗೇ ಇತ್ತು.