ಅರವತ್ತೊಂದು ಮನೆ ಮಾಯ

ಬೆಳಿಗ್ಗೆ ಎಂಟಕ್ಕೆ ಹಜಾರದ ಬಾಗಿಲು ತೆಗೆದಾಗ ಹೊಸ ರಾಜಧಾನಿಯಲ್ಲಿ ಅರವತ್ತೊಂದು ಮನೆ ಇರಲಿಲ್ಲ.

ಮರದ ರಾಜಧಾನಿ ಅದು. ಹಳೆಯ ರಾಜಧಾನಿಯಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುವಷ್ಟು ಇಕ್ಕಟ್ಟಾಗಿತ್ತು. ಹಾಗಾಗಿ ದೂರದ ಬಯಲಿನಲ್ಲಿ ಹೊಸದನ್ನು ಕಟ್ಟಲು ಹೊರಟಿದ್ದೆವು. ಅದರ ಮಾದರಿ ನಮ್ಮ ಕಚೇರಿಯ ಹಜಾರದ ತುಂಬ ಹರಡಿತ್ತು. ದಿನಾ ನೋಡಿದರೂ ಅದರ ಮುಂದೆ ನನ್ನ ದನಿ ತಾನಾಗಿ ತಗ್ಗುತ್ತಿತ್ತು.

ಕಾಣೆಯಾದವು ಕೂಲಿಗಾರರಿಗೆಂದು ಇಟ್ಟಿದ್ದ ನೂರು ಮನೆಗಳಲ್ಲಿನವು. ಮರುದಿನ ಸಮಿತಿ ಬರುವುದಿತ್ತು. ಮಾದರಿಯ ಹಲಗೆಯ ಮೇಲೆ ಇದ್ದುದಕ್ಕೆ ಒಪ್ಪಿಗೆ; ಇಲ್ಲದ್ದಕ್ಕೆ ಇಲ್ಲ. ತಗಡಿನ ಶೆಡ್ಡಿನಲ್ಲಿರುವ ಆ ಕೂಲಿಗಾರರು ಇನ್ನೂ ಎಷ್ಟು ವರ್ಷ ಅಲ್ಲೇ ಬೇಯಬೇಕೋ?

"ಬೀಗದ ಕೈ ಇರೋದು ಬಡಗಿ ಹತ್ರ. ಇನ್ನೇನು ಪತ್ತೆ ಮಾಡೋದು?" ಎಂದರು ಮುಖ್ಯ ಎಂಜಿನಿಯರ್. ಮಾದರಿ ಮಾಡಿದ ಬಡಗಿಯಜ್ಜ ಸ್ಟೂಲಿನ ಮೇಲೆ ಕುಸಿದಿದ್ದ.

ನಾನು ನಕ್ಷೆ ಬರೆಯುವವನು. ಹೆದರಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಮೂವತ್ತು ವರ್ಷ ಪೊಲೀಸಿನಲ್ಲಿದ್ದವಳು. ಬಂದವಳೇ ಕನ್ನಡಕ ಒರೆಸಿಕೊಂಡಳು.

"ಅಜ್ಜ, ನಿನ್ನೆ ಸಂಜೆ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಯಾರೂ ಇಲ್ಲಮ್ಮ. ನಾನು ಟೀಗೆ ಹೋದಾಗ ಕೋಲಕ್ಕ ಕೋಲಿಟ್ಟು ಹೋದ್ಲು, ಅಷ್ಟೆ. ದಿನಾ ಇಡ್ತಾಳಲ್ಲ."

ನೆಲದ ಏರುತಗ್ಗು ಅಳೆಯುವಾಗ, ಅಂಕಿ ಬರೆದ ಉದ್ದನೆಯ ಕೋಲು ಹಿಡಿದು ಬಯಲಿನಲ್ಲಿ ನಿಲ್ಲುವವಳು ಕೋಲಕ್ಕ. ಕೋಲು ಮೂಲೆಯಲ್ಲೇ ಇತ್ತು.

ದೊಡ್ಡಮ್ಮ ಹಲಗೆಯತ್ತ ಬಗ್ಗಿದಳು. "ಕಳ್ಳ ಆಗಿದ್ರೆ ಎಲ್ಲಾನೂ ಬಾಚ್ತಿದ್ದ. ಮೂವತ್ತೊಂಬತ್ತು ಯಾಕೆ ಬಿಟ್ಟ?"

ಉಳಿದ ಮನೆಗಳ ಅಂಚು ನೇರವಾಗಿರಲಿಲ್ಲ. ಕೆರೆಯ ದಂಡೆಯ ಹಾಗೆ ಡೊಂಕಾಗಿತ್ತು.

"ಅಳತೆ ಪುಸ್ತಕ ತಾರೋ."

ತಂದುಕೊಟ್ಟೆ. ಹೋದ ಮನೆಗಳ ಜಾಗದಲ್ಲೆಲ್ಲ ಕೋಲಿನಲ್ಲಿ ಓದಿದ ಅಂಕಿ ಮೂರಕ್ಕಿಂತ ಹೆಚ್ಚು. ಉಳಿದವುಗಳಲ್ಲಿ ಒಂದೂ ಮೂರು ದಾಟಿರಲಿಲ್ಲ.

"ಅಂಕಿ ದೊಡ್ಡದಿರೋದು ಎತ್ತರದ ಜಾಗ, ದೊಡ್ಡಮ್ಮ. ಅದಕ್ಕೇ ಮನೆಗೆ ಅಂತ ನಾನೇ ಗುರುತು ಹಾಕಿದ್ದು."

"ನೀನು ಆ ಬಯಲಿಗೆ ಹೋಗಿದ್ಯಾ?"

"ಇಲ್ಲ—"

ಅವಳು ಕೋಲನ್ನು ನನ್ನ ಕೈಗಿಟ್ಟು ಜಗಲಿಯ ಮೇಲೆ ನಿಲ್ಲಿಸಿದಳು. ತಾನು ಹೊಸ್ತಿಲ ಬಳಿ ಅಲುಗದೆ ನಿಂತು ಕಣ್ಣಿನ ನೇರಕ್ಕೆ ಬಂದ ಅಂಕಿ ಓದಿದಳು. "ಒಂದೂವರೆ. ಈಗ ಅಂಗಳಕ್ಕಿಳಿ... ಎರಡೂಕಾಲು. ಹೇಳು ಮಗ, ನೀನು ಏರಿದ್ಯೋ ಇಳಿದ್ಯೋ?"

ಕೋಲು ಇಳಿದಷ್ಟೂ ಅಂಕಿ ಏರುತ್ತದೆ. ಸಂಜೆ ತರಗತಿಯಲ್ಲಿ ಈ ಪಾಠದ ಹೊತ್ತಿಗೆ ನಾನು ತೂಕಡಿಸಿದ್ದೆನೇನೋ. ಹಳ್ಳವನ್ನು ದಿಬ್ಬ ಎಂದು ಬರೆದಿದ್ದೆ. ಎಂಜಿನಿಯರ್ ನೆಲ ನೋಡಿದರು. ಪುಸ್ತಕ ತೆರೆಯದೆ ನನ್ನ ನಕ್ಷೆಗೆ ಸಹಿ ಹಾಕಿದ್ದವರು ಅವರೇ. ಮಾದರಿಯ ಹಲಗೆಯೋ, ರೊಟ್ಟಿಯಂತೆ ಚಪ್ಪಟೆ. ಅದರಲ್ಲಿ ಯಾರಿಗೆ ಏನು ಕಂಡೀತು?

"ಕೀಳಬೇಕಾದ ಮನೆ ಯಾವುದು, ಉಳಿಸಬೇಕಾದ್ದು ಯಾವುದು ಅಂತ ನಕ್ಷೆ ನೋಡಿ ತಿಳಿಯಲ್ಲ. ಆ ಒಂದೊಂದು ಚುಕ್ಕಿ ಮೇಲೂ ನಿಂತವರಿಗೆ ಮಾತ್ರ ಗೊತ್ತು. ಅಜ್ಜ 'ಯಾರೂ ಇಲ್ಲ' ಅಂತ ಲೆಕ್ಕಕ್ಕೇ ಹಿಡೀಲಿಲ್ಲವಲ್ಲ, ಅವಳಿಗೆ," ಎಂದಳು ದೊಡ್ಡಮ್ಮ. "ಕೋಲಕ್ಕನ್ನ ಕರೀರಿ."

ಕೋಲಕ್ಕ ಬಂದಳು. ಕೇಳುವ ಮೊದಲೇ ಊಟದ ಚೀಲ ಬಿಚ್ಚಿ ಮನೆಗಳನ್ನು ಎಂಜಿನಿಯರ್ ಎದುರಿನ ಮೇಜಿನ ಮೇಲೆ ಸುರಿದಳು. ಒಂದರ ಮೂಲೆಯೂ ಮುಕ್ಕಾಗಿರಲಿಲ್ಲ.

"ಮಳೆಗಾಲದಲ್ಲಿ ಅಲ್ಲಿ ಸೊಂಟದವರೆಗೆ ನೀರು, ಸಾರ್. ಅದರಲ್ಲೂ ಕೋಲು ಹಿಡ್ಕೊಂಡು ನಿಂತಿದ್ದೀನಿ. ನಾವೇ ತಾನೇ ಆ ಮನೆಗಳಲ್ಲಿ ಮಲಗೋರು? ಎರಡು ಸಲ ನಿಮಗೆ ಹೇಳೋಕೆ ಬಂದೆ. 'ಕೋಲು ಅಲುಗಾಡಿಸ್ಬೇಡ' ಅಂದ್ರಿ."

ನಾನೇ ಹೇಳಬೇಕಿತ್ತು. "ತಪ್ಪು ನನ್ನದು ಸಾರ್. ನಾಳೆ ಸಮಿತಿಯ ಮುಂದೆಯೂ ಹೇಳ್ತೀನಿ."

"ಅದರ ಕೆಳಗೆ ನನ್ನ ಸಹಿ ಇದೆಯಲ್ಲಪ್ಪ," ಎಂದರು ಎಂಜಿನಿಯರ್. ಆಮೇಲೆ ಮನೆಗಳನ್ನು ಅವಳ ಕಡೆಗೆ ಸರಿಸಿದರು. "ಎಲ್ಲಿಡೋಣ? ನೀವೇ ಹೇಳಿ."

ಕೋಲಕ್ಕ ನಕ್ಷೆಯ ಕಡೆ ತಿರುಗಲಿಲ್ಲ. ಕಣ್ಣು ಮುಚ್ಚಿ, ನಿಂತಲ್ಲೇ ಅಂಗಾಲನ್ನು ಒಮ್ಮೆ ನೆಲಕ್ಕೆ ಒತ್ತಿಕೊಂಡಳು. ಎರಡು ಹರದಾರಿ ಬಯಲು ಅವಳ ಪಾದದಲ್ಲಿತ್ತು. ಆಮೇಲೆ ಕೈ ಚಾಚಿ, ಹೆದ್ದಾರಿಯ ಆಚೆ, ನಾವು ಉದ್ಯಾನವೆಂದು ಹಸಿರು ಬಳಿದಿದ್ದ ಜಾಗದಲ್ಲಿ ಮೊದಲನೆಯ ಮನೆ ಇಟ್ಟಳು.

ಅಳತೆ ಪುಸ್ತಕ ತಿರುವಿದೆ. ಅಲ್ಲಿ ಅಂಕಿ ಮುಕ್ಕಾಲು. ಇಡೀ ಬಯಲಿನಲ್ಲೇ ಅತಿ ಚಿಕ್ಕದು.